ಖಾಲಿ ಭುಜ

ಸೆಟೆದುಕೊಂಡಿದ್ದ ಎಡಗೈ ಅಂಗಿಯ ತೋಳಿನೊಳಗೆ ಇಳಿಯಲಿಲ್ಲ. ಸತ್ತ ಉದ್ದಣ್ಣನ ಹೆಂಡತಿ ಕತ್ತರಿ ತಂದು ತೋಳಿನ ಹೊಲಿಗೆಯನ್ನು ಕಂಕುಳಿನಿಂದ ಮುಂಗೈವರೆಗೆ ಬಿಚ್ಚಿದಳು. ಜೊತೆಯ ಹಮಾಲ ಮೋಟ ಆ ಕೈಯನ್ನು ಎತ್ತಿ ಹಿಡಿದುಕೊಂಡಿದ್ದ. ಹದಿನಾರು ವರ್ಷ ಈ ಮನುಷ್ಯನ ಬೆನ್ನು ನೋಡಿಕೊಂಡೇ ನಡೆದವನು ಅವನು. ಎಡಭುಜದ ಮೇಲೆ ನಿಂಬೆಹಣ್ಣಿನ ಗಾತ್ರವಿದ್ದ ಗಂಟು ಈಗ ಗಾಳಿ ಹೋದ ಚೆಂಡಿನಂತೆ ಕುಗ್ಗಿತ್ತು.

ಕಸಾಯಿಖಾನೆಯಲ್ಲಿ ಇಬ್ಬರೂ ಜೋಡಿ. ಸುಲಿದ ಕುರಿಗಳನ್ನು ನೇತುಹಾಕಿದ ಕಂಬಿಯ ಮುಂದಿನ ತುದಿ ಉದ್ದಣ್ಣನ ಬಲಭುಜದ ಮೇಲೆ, ಹಿಂದಿನದು ಮೋಟನ ಬಲಭುಜದ ಮೇಲೆ. ಎತ್ತರದವನು ಮುಂದಿದ್ದರೆ ಭಾರವೆಲ್ಲ ಹಿಂದಕ್ಕೆ ಜಾರುತ್ತದೆ. ಹೊರುವವನು ತಾನು, ಹೊಗಳಿಕೆ ಉದ್ದಣ್ಣನಿಗೆ ಎಂದು ಮೋಟ ದಿನಾ ಗೊಣಗುತ್ತಿದ್ದ. ಮೂಳೆ ಕೊಯ್ಯುವ ಗರಗಸದ ಸದ್ದಿನಲ್ಲಿ ಮಾತು ಕೇಳಿಸದು. ಹಾಗಾಗಿ ಹಿಂದಿನವನು ಮುಂದಿನವನ ಖಾಲಿ ಭುಜಕ್ಕೆ ಒಂದು ಏಟು ಹಾಕಬೇಕು, ಆಮೇಲೇ ಮುಂದಿನವನು ಹೆಜ್ಜೆ ಎತ್ತಬೇಕು. ಅಲ್ಲಿನ ಕ್ರಮ ಅದು.

ಹೊರಗಿನ ಕೋಣೆಯಲ್ಲಿ ಹಮಾಲರು ಗೋಡೆಗೊರಗಿ ಕೂತಿದ್ದರು. ಅದು ಹೊರೆಯ ಗಂಟು, ಎಲ್ಲರಿಗೂ ಬರುತ್ತದೆ, ಇವನದು ಒಡೆಯಿತು ಅಷ್ಟೆ ಎಂದು ಮೇಸ್ತ್ರಿ ಎಲ್ಲರಿಗೂ ಹೇಳುತ್ತಿದ್ದ.

ಹೆಂಡತಿ ಅಂಗಿಯ ಗುಂಡಿ ಹಾಕುತ್ತಲೇ ಕೇಳಿದಳು. "ಅವರು ಬಲಕ್ಕಲ್ವಾ ಹೊರ್ತಿದ್ದಿದ್ದು? ಇಷ್ಟು ವರ್ಷ ನಾನು ಮೆತ್ತೆ ಹೊಲಿದಿದ್ದೆಲ್ಲ ಬಲಭುಜಕ್ಕೇ."

"ಹೂಂ ಅತ್ತಿಗೆ."

"ಗಂಟು ಎಡಗಡೆ ಇದೆ. ಪೆಟ್ಟು ಬಿದ್ದಿತ್ತಾ ಅಂತ ಆಸ್ಪತ್ರೆ ಡಾಕ್ಟರು ಕೇಳಿದ್ರು. ನನಗೇನು ಗೊತ್ತು? ನೀನು ಹಿಂದೇನೇ ಇದ್ಯಲ್ಲಪ್ಪ. ಬಿದ್ದಿತ್ತಾ?"

"ನಾನು ನೋಡಲಿಲ್ಲ."

ಅವಳು ತಲೆಯಾಡಿಸಿ ಕೊನೆಯ ಗುಂಡಿ ಹಾಕಿದಳು.

* * *

ತಿಂಗಳ ಹಿಂದೆ ನಲ್ಲಿಯ ಹತ್ತಿರ ಕೈ ತೊಳೆಯುತ್ತ ಉದ್ದಣ್ಣ ಗಂಟಿನ ಬಗ್ಗೆ ಡಾಕ್ಟರು ಹೇಳಿದ್ದನ್ನೆಲ್ಲ ಮೋಟನಿಗೆ ಹೇಳಿದ್ದ. ಗೇಟಿನ ಬಳಿಯ ನಾಯಿಗಳಿಗೆ ಅವನು ಕುರಿಯ ಕೆಟ್ಟ ಲಿವರ್ ಎಸೆಯುತ್ತಿದ್ದ, ಅವುಗಳ ಮೈ ಸವರಿದ ಕೈಯಲ್ಲೇ ಊಟಕ್ಕೆ ಕೂರುತ್ತಿದ್ದ. ನಾಯಿಯ ಹುಳದ ಮೊಟ್ಟೆ ಹಾಗೆ ಹೊಟ್ಟೆಗೆ ಹೋಗಿದೆಯಂತೆ. ಸಾಮಾನ್ಯವಾಗಿ ಅದು ಮನುಷ್ಯನ ಲಿವರಿನಲ್ಲೋ ಶ್ವಾಸಕೋಶದಲ್ಲೋ ನೀರಿನ ಚೀಲ ಕಟ್ಟಿಕೊಂಡು ಬೆಳೆಯುತ್ತದೆ. ಭುಜದ ಮಾಂಸದಲ್ಲಿ ಕೂತಿದ್ದನ್ನು ಆ ಡಾಕ್ಟರು ಮೊದಲ ಸಲ ನೋಡಿದ್ದರು. ಒಡೆಯದಂತೆ ಇಡಿಯಾಗಿ ತೆಗೆಯಬೇಕು, ಒಳಗೇ ಒಡೆದರೆ ಜೀವಕ್ಕೆ ಅಪಾಯ ಎಂದಿದ್ದರು.

"ಬರೋದು ಬಂತು, ಬಲಕ್ಕೆ ಬರಬಾರದಿತ್ತಾ? ಅವಳಿಗೆ ಮೆತ್ತೆ ಹೊಲಿಯೋ ಕೆಲಸ ತಪ್ತಿತ್ತು" ಎಂದು ಉದ್ದಣ್ಣ ನಕ್ಕ. ಮೇಸ್ತ್ರಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದ.

ಮೋಟ ನಗಲಿಲ್ಲ. ಜೋಡಿ ಮುರಿದವನನ್ನು ಮೇಸ್ತ್ರಿ ರಕ್ತದ ಮೋರಿ ತೊಳೆಯಲು ಹಾಕುತ್ತಿದ್ದ. ಅಲ್ಲಿಗೆ ಇಳಿದವರು ಮತ್ತೆ ಮೇಲೆ ಬಂದಿದ್ದಿಲ್ಲ.

"ಆಪರೇಷನ್ ದಿನದವರೆಗೂ ಬಾಯಿ ಬಿಡಬೇಡ ಅಣ್ಣ. ನಾನು ಅಲ್ಲಿಗೆ ಕೈ ತಾಗಿಸಲ್ಲ."

ಉದ್ದಣ್ಣ ನಲ್ಲಿ ತಿರುಗಿಸಿ ನಿಲ್ಲಿಸಿ, ಆಗಲಿ ಎಂದ. ಮನೆಯಲ್ಲೂ ಹೇಳಲಿಲ್ಲ.

ಆವತ್ತಿನಿಂದ ಮೋಟ ಏಟು ಬಿಟ್ಟು ಸೊಂಟಕ್ಕೆ ಬೆರಳಲ್ಲಿ ತಿವಿಯುತ್ತಿದ್ದ. ನಿನ್ನೆ ಮೇಸ್ತ್ರಿ ಅದನ್ನು ನೋಡಿದ.

"ಏನ್ರೋ, ಹೊಸ ಮದುಮಕ್ಕಳ ಥರ ಕಚಗುಳಿ? ಜಗಳ ಆಗಿದ್ರೆ ಹೇಳಿ, ನಾಳೆಯಿಂದ ಬೇರೆ ಮಾಡ್ತೀನಿ."

ಮೇಸ್ತ್ರಿ ಅಲ್ಲೇ ಕೈಕಟ್ಟಿ ನಿಂತ. ಕಂಬಿ ಆಗಲೇ ಹೆಗಲ ಮೇಲಿತ್ತು. ಉದ್ದಣ್ಣ ಹಿಂತಿರುಗಿ ನೋಡದೆ ಎಡಭುಜವನ್ನು ತುಸು ತಗ್ಗಿಸಿದ, ಹೊಡಿ ಎನ್ನುವ ಹಾಗೆ.

ಮೋಟ ಹೊಡೆದ. ಮೇಸ್ತ್ರಿಗೆ ಕಾಣುವಷ್ಟು ಜೋರಾಗಿ. ಅಂಗೈಯ ಕೆಳಗೆ ಏನೋ ಸಡಿಲವಾಯಿತು.

ಹನ್ನೊಂದು ಹೆಜ್ಜೆಯಾದ ಮೇಲೆ ಉದ್ದಣ್ಣ ಕುತ್ತಿಗೆ ಕೆರೆದುಕೊಂಡ. ಮುಖ ಊದಿತು, ಉಸಿರು ಸಿಳ್ಳೆಯಂತೆ ಕೇಳಿಸಿತು. ಆದರೂ ಕಂಬಿಯನ್ನು ನೆಲಕ್ಕೆ ಬಿಡಲಿಲ್ಲ. ಗೋಡೆಯ ಕೊಂಡಿಗೆ ಸಿಕ್ಕಿಸಿ, ಆಮೇಲೆ ಬಿದ್ದ.

* * *

ಶವದ ಪೆಟ್ಟಿಗೆಯನ್ನು ಬೀದಿಗೆ ತರಲು ಇದ್ದದ್ದು ಒಂದೇ ಓಣಿ, ಎರಡು ಗೋಡೆಗಳ ನಡುವೆ ಪೆಟ್ಟಿಗೆ ಮತ್ತು ಅದರ ಆಚೀಚೆ ಒಬ್ಬೊಬ್ಬ ಮಾತ್ರ ಹಿಡಿಸುವಷ್ಟು. ನಾಲ್ವರು ಎತ್ತಿದರು. ಮೇಸ್ತ್ರಿ ಎಡಬದಿಯಲ್ಲಿ ಮುಂದೆ, ಅವನ ಹಿಂದೆ ಮೋಟ. ಮೋಟನ ಬೆನ್ನ ಹಿಂದೆ ಉಳಿದ ಹಮಾಲರು ಒತ್ತಿಕೊಂಡು ನಿಂತಿದ್ದರು. ಓಣಿಯ ತುದಿಯ ಬಾಗಿಲನ್ನು ಹೆಂಡತಿ ಹಿಡಿದುಕೊಂಡಿದ್ದಳು, ಮುಖ ಇವರ ಕಡೆಗೆ.

ಪೆಟ್ಟಿಗೆ ಹೆಗಲಿಗೆ ಬಂತು. ಯಾರೂ ಹೆಜ್ಜೆ ಇಡಲಿಲ್ಲ.

"ಯಾಕೆ ನಿಂತ್ರಿ?" ಎಂದಳು ಅವಳು.

"ಹಿಂದಿನವನು ಏಟು ಹಾಕ್ಬೇಕು ತಾಯಿ. ಹಾಕದೆ ನಾವು ಹೊರಡೋದಿಲ್ಲ" ಎಂದ ಮೇಸ್ತ್ರಿ. "ನಿಮ್ಮ ಯಜಮಾನರೂ ಹಾಗೇ, ಕೊನೇ ದಿನದವರೆಗೂ. ಹಾಕೋ, ಮೋಟ."

ಮೇಸ್ತ್ರಿ ಎಡಭುಜವನ್ನು ತುಸು ತಗ್ಗಿಸಿದ. ಮೋಟನ ಖಾಲಿ ಕೈ ರೂಢಿಯಂತೆ ತಾನಾಗಿಯೇ ಮೇಲೆದ್ದು ನಡುವೆಯೇ ನಿಂತಿತು. ಹೆಂಡತಿ ಮೊದಲು ಮೇಸ್ತ್ರಿಯ ತಗ್ಗಿದ ಭುಜ ನೋಡಿದಳು. ಆಮೇಲೆ ಆ ಅಂಗೈ.