ಬಾಣಂತಿ ಬೆಕ್ಕಿನ ಊಟ

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಅಕ್ಕನಾಗಮ್ಮನ ಬಿಳಿ ಬೆಕ್ಕು ಚಂದ್ರಿ ಮೂರು ಮರಿ ಹಾಕಿತ್ತು. ಬಾಣಂತಿಗೆ ಬಲ ಬರಲೆಂದು ಅಕ್ಕನಾಗಮ್ಮ ದಿನಾ ಎರಡು ಹೊತ್ತು ತನ್ನ ತಾಟಿನ ಕಡಲೆಹಿಟ್ಟಿನ ಝುಣಕದಲ್ಲೇ ರೊಟ್ಟಿ ಕಲಸಿ, ಮೇಲೆ ತುಪ್ಪ ಬಿಟ್ಟು ಹಾಕುತ್ತಿದ್ದಳು.

ತಿಂಗಳು ತುಂಬುವ ಹೊತ್ತಿಗೆ ಚಂದ್ರಿ ಮಾಳಿಗೆಗೆ ಹಾರುವುದನ್ನು ಬಿಟ್ಟಿತು. ಆಮೇಲೆ ಕಟ್ಟೆ ಹತ್ತುವುದನ್ನೂ ಬಿಟ್ಟಿತು. ಒಂದು ಬೆಳಿಗ್ಗೆ ಬೂದಿಯಲ್ಲಿ ಅದು ಉಚ್ಚೆ ಹೊಯ್ದ ಜಾಗ ಕಂದುಗೆಂಪಾಗಿತ್ತು. ಸೊಸೆ ಸುವರ್ಣಾ ಬಾಯಿ ಬಿಡಿಸಿ ನೋಡಿದಳು. ಒಸಡು ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ಯಾರೋ ವಿಷ ಹಾಕ್ಯಾರ,” ಎಂದಳು ಅಕ್ಕನಾಗಮ್ಮ.

ಪಕ್ಕದ ಮನೆಯ ಮೈಲಾರಲಿಂಗ ಕೋಳಿ ಸಾಕಿದ್ದ. ಬೆಕ್ಕು ತನ್ನ ಕೋಳಿಮರಿ ಹಿಡಿಯಿತೆಂದು ಹಿಂದಿನ ವಾರವಷ್ಟೇ ಕೂಗಾಡಿದ್ದ. ಅಕ್ಕನಾಗಮ್ಮ ನೇರ ಅವನ ಅಂಗಳಕ್ಕೆ ಹೋಗಿ ನಿಂತಳು.

“ಬಾಣಂತಿ ಜೀವ ತಗೋತೀಯೇನೋ? ನಿನ್ನ ಮನಿ ಹಾಳಾಗ!”

“ದೇವರಾಣಿ, ನಾ ಏನೂ ಹಾಕಿಲ್ರಿ ಅವ್ವಾ.”

ಓಣಿಯ ಮಂದಿ ಅವನ ಮಾತು ನಂಬಲಿಲ್ಲ. ಸಂಜೆಯೊಳಗೆ ಯಾರೋ ಅವನ ಕೋಳಿಗೂಡಿನ ಬಾಗಿಲು ಮುರಿದು ಹಾಕಿದ್ದರು.

ಮರುದಿನ ಅತ್ತೆ ಸೊಸೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋದರು. ದನದ ಡಾಕ್ಟರಮ್ಮ ಚಂದ್ರಿಗೆ ಸಲೈನ್ ಹಚ್ಚಿ ಕೇಳಿದಳು, “ಏನ್ ತಿನಸ್ತೀರಿ ಇದಕ?”

“ನಾವು ಉಣ್ಣೋದೇರಿ,” ಎಂದಳು ಅಕ್ಕನಾಗಮ್ಮ ಹೆಮ್ಮೆಯಿಂದ. “ಝುಣಕ, ರೊಟ್ಟಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೈತುಂಬ ಹಾಕ್ತೀನಿ.”

ಈರುಳ್ಳಿ, ಬೆಳ್ಳುಳ್ಳಿಯ ಮಾತು ಕೇಳಿದ್ದೇ ಡಾಕ್ಟರಮ್ಮನ ಕೈ ಬೆಕ್ಕಿನ ಹೊಟ್ಟೆಯ ಮೇಲೆ ನಿಂತುಬಿಟ್ಟಿತು.

“ಅದೇ ವಿಷರಿ ಆಜಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತಾನೇ ಕೆಡಸ್ತಾವ. ಕುದಿಸಿದ್ರೂ ಅಷ್ಟ.”

ಅಕ್ಕನಾಗಮ್ಮ ಬೆಕ್ಕಿನ ತಲೆ ಸವರತೊಡಗಿದಳು. ಸುವರ್ಣಾಳೇ ಕೇಳಿದಳು, “ಹಂಗಾದ್ರ ಏನ್ ಹಾಕಬೇಕ್ರಿ?”

“ಉಪ್ಪು, ಖಾರ, ಒಗ್ಗರಣಿ ಏನೂ ಇರಬಾರದು. ಕುದಿಸಿದ ತತ್ತಿ, ಎಲುಬು ತಗದ ಕೋಳಿ. ಒಂದೀಟು ಸಪ್ಪನ ಅನ್ನ, ಕುದಿಸಿದ ಕುಂಬಳಕಾಯಿ ನಡೀತದ. ಮರಿ ಅದಾವೇನು?”

ಸುವರ್ಣಾ ಗಾಬರಿಯಿಂದ ಮನೆಯಲ್ಲಿದ್ದ ಗಂಡ ಸಿದ್ಧರಾಮನಿಗೆ ಫೋನ್ ಮಾಡಿದಳು. “ಮರಿಗೋಳಿಗೆ ಏನರ ಹಾಕೀರೇನು?”

“ಹೂಂ, ಅವ್ವನ ಝುಣಕ ಉಳಿದಿತ್ತಲ್ಲ. ತಾಟು ನೆಕ್ಕಿ ಖಾಲಿ ಮಾಡ್ಯಾವ. ಯಾಕ?”

ಸಲೈನ್ ಮುಗಿಯುವ ಮುಂಚೆಯೇ ಚಂದ್ರಿ ಸತ್ತುಹೋಯಿತು.

ಊರಲ್ಲಿ ಬಸ್ಸಿಳಿದ ಅಕ್ಕನಾಗಮ್ಮ ಮನೆಗೆ ಹೋಗಲಿಲ್ಲ. ಮೈಲಾರಲಿಂಗ ಕೋಳಿಗೂಡಿಗೆ ತಂತಿ ಬಿಗಿಯುತ್ತಿದ್ದ.

“ನನ್ನ ಕೈಯಾಗೇ ಸತ್ತದಪಾ. ನಿಂದೇನೂ ತಪ್ಪಿಲ್ಲ,” ಎಂದಳು, ಇಡೀ ಓಣಿಗೆ ಕೇಳುವಂತೆ. ಆಮೇಲೆ ದನಿ ತಗ್ಗಿಸಿ, “ಎರಡು ತತ್ತಿ ಕೊಡು. ಮರಿಗೋಳರ ಉಳೀಲಿ.”

ಅವನು ತಲೆ ಎತ್ತಲಿಲ್ಲ. ಅವನ ಹೆಂಡತಿ ತತ್ತಿ ತಂದುಕೊಟ್ಟಳು. ಎಂದೂ ತತ್ತಿ ಮುಟ್ಟದ ಅಕ್ಕನಾಗಮ್ಮ ಹಿತ್ತಲಲ್ಲಿ ಕಲ್ಲು ಹೂಡಿ ತಾನೇ ಕುದಿಸಿದಳು. ದಿನಾ ಬೆಳಿಗ್ಗೆ ಮರಿಗಳ ಬಾಯಿ ಬಿಡಿಸಿ ಒಸಡು ನೋಡಿದಳು.

ಆರನೆಯ ದಿನ ಎಲ್ಲಕ್ಕಿಂತ ಸಣ್ಣ ಮರಿಯ ಒಸಡು ಬೆಳ್ಳಗಾಯಿತು. ಉಳಿದೆರಡು ಬದುಕಿದವು. ಮೈಲಾರಲಿಂಗ ಮಾತ್ರ ಅವಳೊಡನೆ ಮತ್ತೆ ಮಾತಾಡಲಿಲ್ಲ.