ಚಿನ್ನದ ಸೂಜಿ ಎಂಬ ಗಿರಾಕಿ

ಹೊಲಿಗೆ ಯಂತ್ರ ರಿಪೇರಿ ಮಾಡುವ ಮಾವನಿಗೆ ಎರಡು ವಿದ್ಯೆ ಚೆನ್ನಾಗಿ ಬರುತ್ತಿದ್ದವು: ತುಕ್ಕು ಬಿಡಿಸುವುದು, ಬಾಯಿ ಬಿಡದಿರುವುದು. ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಸೊಸೆಯದು. ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಯಂತ್ರಗಳನ್ನು ಮಾವ ಹೊತ್ತು ತಂದು, ಹಿಂದಿನ ಕೋಣೆಯಲ್ಲಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸುವುದು. ಸೊಸೆ ಅವುಗಳನ್ನು ಫೋನಿನ ಹರಾಜು ತಾಣದಲ್ಲಿ ಹಾಕಿ, ವಿವರ ಬರೆದು, ಕೇಳಿದವರಿಗೆಲ್ಲ ಉತ್ತರ ಕೊಟ್ಟು ಮಾರುವುದು. ಹೀಗೆ ಒಂದು ವರ್ಷ ಬಂಡಿ ಸಲೀಸಾಗಿ ಉರುಳಿತ್ತು.

ಸೊಸೆಗೆ ಇದು ಹೊತ್ತು ಕಳೆಯುವ ಆಟವಲ್ಲ. ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು, ಗಿರಾಕಿಗಳು ಎಳೆದೆಳೆದು ಬಿಸಾಕಿದ್ದನ್ನು ಮಡಚಿ ಮಡಚಿ ಕಾಲು ಊದಿಸಿಕೊಂಡಿದ್ದವಳು, ಆ ಕೆಲಸಕ್ಕೆ ಕೈಮುಗಿದು ಈ ಅಂಗಡಿ ತೆರೆದಿದ್ದಳು. ಬಸ್ಸು ಓಡಿಸುವ ಗಂಡನ ಸಂಬಳ ಬಾಡಿಗೆಗೆ, ಮಗಳ ಶಾಲೆಗೆ ಸರಿಹೋಗುತ್ತಿತ್ತು. ಉಳಿದ ಸಂಸಾರ ಈ ಯಂತ್ರಗಳ ಮೇಲೆ. ಆದರೆ ತಾಣದವರದು ಒಂದು ಕಟ್ಟುನಿಟ್ಟಿತ್ತು. ಒಂದೇ ತಿಂಗಳಲ್ಲಿ ಮೂರು ಹರಾಜಿಗೆ ದುಡ್ಡು ಬಾರದೆ ಹೋದರೆ ಅಂಗಡಿ ಬಂದ್! ಮಾರುವವರೇ ಬೆಲೆ ಏರಿಸಲು ಮನೆಯವರ ಕೈಲಿ ಸುಳ್ಳು ಸವಾಲು ಕೂಗಿಸುತ್ತಾರೆ ಎಂಬುದು ಅವರ ಅನುಮಾನ.

ಎಂಥ ಅನ್ಯಾಯದ ಅನುಮಾನ ಎಂದು ಸೊಸೆ ಕಿಡಿಕಾರುವಾಗಲೆಲ್ಲ ಮಾವ ಎಣ್ಣೆಯ ಬಟ್ಟೆಯಿಂದ ಸುಮ್ಮನೆ ಕೈ ಒರೆಸಿಕೊಳ್ಳುತ್ತಿದ್ದರು. ಯಾಕೆಂದರೆ ಈ ಮನೆಯ ಮಟ್ಟಿಗೆ ಆ ಅನುಮಾನ ನೂರಕ್ಕೆ ನೂರು ನಿಜ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಆದದ್ದಿಷ್ಟೇ. ತಿಂಗಳ ಮೊದಲಲ್ಲಿ ಕಾಲಿನಿಂದ ತುಳಿಯುವ ಒಂದು ಯಂತ್ರ ಎಂಟುನೂರಕ್ಕೆ ಬಂದು ಅಲುಗಾಡದೆ ನಿಂತಿತು. ಹನ್ನೆರಡು ದಿನ ಬೆನ್ನು ಬಗ್ಗಿಸಿ ಮಾಡಿದ ಕೆಲಸಕ್ಕೆ ಎಂಟುನೂರೇ? ಮಾವನ ಹೊಟ್ಟೆಗೆ ಬೆಂಕಿ ಬಿತ್ತು. ಸೊಸೆಯ ಹತ್ತಿರ ಹೇಳೋಣವೆಂದರೆ ನಾಲಿಗೆ ಏಳದು. ನೆಟ್ಟಗೆ ಕ್ಷೌರದಂಗಡಿಯ ಗೆಳೆಯನ ಬಳಿ ಹೋದರು. ಅವನು ನಗುನಗುತ್ತಲೇ ಮಾವನ ಫೋನಿನಲ್ಲಿ 'ಚಿನ್ನದ ಸೂಜಿ' ಎಂಬ ಹೆಸರಲ್ಲಿ ಖಾತೆ ತೆರೆದು, ದೂರದ ಊರಿನ ತನ್ನ ತಂಗಿಯ ವಿಳಾಸ ತುಂಬಿಸಿಕೊಟ್ಟ. ಮಾವ ಎರಡು ಸಾವಿರ ಕೂಗಿದರು. ಯಾರಾದರೂ ಮಾನವಂತರು ಅದರ ಮೇಲೆ ಕೂಗಿಯೇ ಕೂಗುತ್ತಾರೆ ಎಂಬ ನಂಬಿಕೆ. ಯಾರೂ ಕೂಗಲಿಲ್ಲ. ತಮ್ಮ ಯಂತ್ರವನ್ನು ತಾವೇ ಗೆದ್ದು, ದುಡ್ಡು ಕಟ್ಟದೆ ತಲೆಮರೆಸಿಕೊಂಡರು. ಹತ್ತು ದಿನದ ಮೇಲೆ ಇನ್ನೊಂದು ಯಂತ್ರಕ್ಕೂ ಅದೇ ಗತಿ.

"ಚಿನ್ನದ ಸೂಜಿಯಂತೆ! ಚಿನ್ನದ್ದು ಅಂತ ಕಣ್ಣಿಗೆ ಚುಚ್ಚಿಕೊಳ್ಳೋಕಾಗುತ್ತಾ?" ಸೊಸೆ ಅಡುಗೆಮನೆಯ ಮೇಜಿನ ಮುಂದೆ ಕೂತು ಆ ಗಿರಾಕಿಗೆ ಓಲೆ ಬರೆಯುತ್ತಿದ್ದಳು. "ಮಾವ, ಇನ್ನೂ ಸ್ವಲ್ಪ ಖಾರ ಬೇಕು. 'ಮಾನ ಮರ್ಯಾದೆ ಇದ್ದರೆ ದುಡ್ಡು ಕಳಿಸಿ' ಅಂತ ಹಾಕಲಾ?"

"ಮರ್ಯಾದೆ ಸಾಕಮ್ಮ," ಎಂದರು ಮಾವ. "ಮಾನ ಬೇಡ."

ಅವಳು ಎರಡನ್ನೂ ಹಾಕಿ ಕಳಿಸಿದಳು. ಮರುಕ್ಷಣವೇ ಮಾವನ ಅಂಗಿಯ ಜೇಬಿನಲ್ಲಿ ಟಿಣ್ ಎಂದಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಮಾವನ ಕೈ ಜೇಬಿನ ಮೇಲೆ ಬಿತ್ತು.

"ಕ್ಷೌರದಂಗಡಿಯವನು," ಎಂದರು. "ಹೊತ್ತಿಲ್ಲ ಗೊತ್ತಿಲ್ಲ, ಏನೇನೋ ಕಳಿಸ್ತಾನೆ."

"ಇವನನ್ನ ಅಂಗಡಿಯಿಂದಲೇ ಹೊರಗೆ ಹಾಕಿಬಿಡ್ತೀನಿ. ಒಂದು ಗುಂಡಿ ಒತ್ತಿದರೆ ಮುಗೀತು, ಮತ್ತೆ ನಮ್ಮ ಹರಾಜಿಗೆ ಬರೋ ಹಾಗಿಲ್ಲ."

"ಪಾಪ, ಯಾರೋ ವಯಸ್ಸಾದವರಿರಬೇಕು. ಒಂದು ಅವಕಾಶ ಕೊಡು."

ಮಾವ ಬಾಯಿಬಿಟ್ಟು ಕೇಳುವುದೇ ಅಪರೂಪ. ಅವರ ಮಾತಿಗೆ ಬೆಲೆ ಕೊಟ್ಟು ಸೊಸೆ ಗುಂಡಿ ಒತ್ತಲಿಲ್ಲ. ಇನ್ನು ಮುಟ್ಟುವುದಿಲ್ಲ ಎಂದು ಮಾವ ಅಂದೇ ಗೆಳೆಯನ ಮುಂದೆ ಆಣೆ ಮಾಡಿದರು. ಇನ್ನೊಂದಕ್ಕೆ ದುಡ್ಡು ಬಾರದಿದ್ದರೆ ಅಂಗಡಿಯೇ ಮುಚ್ಚುತ್ತದೆ ಎಂಬುದು ಅವರಿಗೂ ಗೊತ್ತಿತ್ತು.

ಆದರೆ ಆ ಭಾನುವಾರ ಹರಾಜಿಗಿದ್ದದ್ದು ಕೈಯಿಂದ ತಿರುಗಿಸುವ ಪುಟ್ಟ ಯಂತ್ರ. ಮಾವ ಅದಕ್ಕೆ ಹತ್ತೊಂಬತ್ತು ದಿನ ಕೂತಿದ್ದರು. ಅದರೊಳಗೆ ದಾರ ಹೊತ್ತು ಓಡಾಡುವ ಷಟಲ್ ಎಲ್ಲೂ ಸಿಗದೆ, ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ತಾವೇ ಮಾಡಿ ಕೂರಿಸಿದ್ದರು. ಸಂಜೆ ಏಳಕ್ಕೆ ಹರಾಜು ಮುಗಿಯಬೇಕು. ಏಳಕ್ಕೆ ಐದು ನಿಮಿಷವಿದ್ದಾಗ ಬೆಲೆ ಸಾವಿರದ ನೂರು. ಹಿಂದಿನ ಕೋಣೆಯಲ್ಲಿ ಮಾವ ಫೋನನ್ನು ಸ್ಕ್ರೂ ಡಬ್ಬಿಯೊಳಗೆ ಹಾಕಿ ಮುಚ್ಚಿದರು. ಮುಚ್ಚಳ ತೆಗೆದು ನೋಡಿದರು. ಸಾವಿರದ ನೂರು. ಛೆ, ಆ ಷಟಲ್ ಒಂದಕ್ಕೇ ಅಷ್ಟಾಗುವುದಿಲ್ಲವೇ! ಆಣೆ ಗೀಣೆ ಎಲ್ಲ ಮರೆತು ಮೂರೂವರೆ ಸಾವಿರ ಒತ್ತಿಬಿಟ್ಟರು. ಒತ್ತಿದ ಮೇಲೆ ಕಾಣದ ಜನರನ್ನೆಲ್ಲ ಬೇಡಿಕೊಂಡರು: ಕೂಗ್ರಪ್ಪಾ, ಯಾರಾದರೂ ಕೂಗ್ರೋ!

ಮುಂದಿನ ಕೋಣೆಯಿಂದ ಸೊಸೆಯ ಕೇಕೆ ಕೇಳಿಸಿತು. "ಮಾವಾ! ಮೂರೂವರೆ ಸಾವಿರ!" ಮಾವ ಇಣುಕಿ ನೋಡಿದಾಗ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅದೇ ಸೂಜಿ," ಎಂದಳು.

ದುಡ್ಡು ಕಟ್ಟಲು ನಾಲ್ಕು ದಿನ ಗಡುವು. ಮೊದಲ ದಿನ ಅವಳು ಬೈದಳು. ಎರಡನೆಯ ದಿನ ಬಯ್ಗುಳಕ್ಕೆ ಹೊಸ ಪದ ಹುಡುಕಿದಳು, ಮಾವನ ಜೇಬು ಎರಡು ಸಲ ಟಿಣ್ ಎಂದಿತು. ಮೂರನೆಯ ದಿನ ಬೈಯಲಿಲ್ಲ. ಹಿಂದಿನ ಕೋಣೆಯಲ್ಲಿ ಸ್ಕ್ರೂ ಬಿಚ್ಚುತ್ತಿದ್ದ ಮಾವನಿಗೆ ಅವಳು ಫೋನಿನಲ್ಲಿ ಮೆಲ್ಲಗೆ ಕೇಳುತ್ತಿದ್ದದ್ದು ಕೇಳಿಸಿತು: "ಅಣ್ಣಾ, ಬಟ್ಟೆ ಅಂಗಡೀಲಿ ಆ ಕೆಲಸ ಇನ್ನೂ ಖಾಲಿ ಇದೆಯಾ? ಹೂಂ, ಹತ್ತು ಗಂಟೆಯಾದ್ರೂ ನಿಲ್ತೀನಿ."

ಮಾವ ಕೈಲಿದ್ದ ಸ್ಕ್ರೂ ಕೆಳಗಿಟ್ಟರು. ತಮ್ಮ ಒಣ ಜಂಬಕ್ಕೆ ಆ ಹುಡುಗಿಯ ಕಾಲು ಮತ್ತೆ ಊದಬೇಕೇ? ಚಪ್ಪಲಿ ಮೆಟ್ಟಿ ಸರಸರ ಗೆಳೆಯನ ಅಂಗಡಿಗೆ ನಡೆದರು. ಗೆಳೆಯ ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ.

"ದುಡ್ಡು ಕಟ್ಟೋದು ಹೇಗೆ, ತೋರಿಸು."

"ನೀನೇ ಮಾಡಿದ ಯಂತ್ರಕ್ಕೆ ನೀನೇ ದುಡ್ಡು ಕೊಡ್ತೀಯಾ?" ಗೆಳೆಯ ಬ್ರಷ್ ಹಿಡಿದುಕೊಂಡೇ ನಕ್ಕ. "ಇಂಥ ವ್ಯಾಪಾರ ನಾನು ನೋಡಿಲ್ಲ ಮಾರಾಯ!"

"ಉಪ್ಪು ತಿಂದವನು ನೀರು ಕುಡೀಲೇಬೇಕು. ತೋರಿಸು ಮೊದ್ಲು."

ಅವರು ಮನೆಗೆ ಮರಳುವಷ್ಟರಲ್ಲಿ ಸೊಸೆ ಬಾಗಿಲಲ್ಲೇ ಕುಣಿಯುತ್ತಿದ್ದಳು. "ಬಂತು ಮಾವ, ದುಡ್ಡು ಬಂತು! ನೀವು ಹೇಳಿದ ಹಾಗೇ ಆಯ್ತು ನೋಡಿ, ಪಾಪ ಯಾರೋ ವಯಸ್ಸಾದವರೇ ಇರಬೇಕು." ಅವಳು ಆ ಮಧ್ಯಾಹ್ನವೇ ಯಂತ್ರವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಪೆಟ್ಟಿಗೆ ಕಟ್ಟಿ ಕೊರಿಯರಿಗೆ ಕೊಟ್ಟು ಬಂದಳು. ಗೆಳೆಯನ ತಂಗಿಗೆ ಪುಕ್ಕಟೆ ಯಂತ್ರ ಸಿಕ್ಕಿತು. ಅವಳು ಆ ವಾರವೇ ಕಿಟಕಿ ಪರದೆಗಳನ್ನೆಲ್ಲ ಹೊಲಿದು ಮುಗಿಸಿದಳಂತೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸೊಸೆಗೆ ಇನ್ನೊಂದು ಚಿಂತೆ ಹತ್ತಿತು. "ಈ ಗಿರಾಕಿ ನಮ್ಮ ಬಗ್ಗೆ ಒಂದು ಒಳ್ಳೆ ಮಾತು ಬರೆದರೆ ತಾಣದವರ ಅನುಮಾನ ಪೂರ್ತಿ ಹೋಗುತ್ತೆ ಮಾವ. ಬರೀತಾನೋ ಇಲ್ವೋ." ದಿನಕ್ಕೆ ನಾಲ್ಕು ಸಲ ಹೀಗೆಂದರೆ ಮನುಷ್ಯ ಎಷ್ಟೆಂದು ತಡೆದುಕೊಂಡಾನು? ಮಾವ ಮಹಡಿಯ ಮೇಲೆ, ಒಣಹಾಕಿದ ಬಟ್ಟೆಗಳ ಮರೆಯಲ್ಲಿ ಕೂತು, ಒಂದು ಮಧ್ಯಾಹ್ನ ಪೂರ್ತಿ ಒಂದೇ ಬೆರಳಲ್ಲಿ ಬರೆದರು. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳಲು ಮನಸ್ಸು ಬರಲಿಲ್ಲ, ಉಳಿದದ್ದನ್ನು ಬರೆದರು.

ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದ ಸೊಸೆ ಫೋನು ನೋಡಿ ಚಾಕು ಕೆಳಗಿಟ್ಟಳು.

"ಬರೆದಿದ್ದಾನೆ! ಕೇಳಿ ಮಾವ. 'ಯಂತ್ರ ಸುಮಾರಾಗಿದೆ.'" ಅವಳು ಮೂಗು ಮುರಿದಳು. "ಸುಮಾರಂತೆ! ಇವನ ತಲೆ. 'ಆದರೆ ಮಾರಿದಾಕೆ ಬಂಗಾರ. ಬೆಳಗಿನ ಬಿಸಿಲು ಸರಿಯಾಗಿ ಬೀಳುವವರೆಗೆ ಕಾದು, ಕುರ್ಚಿ ಹತ್ತಿ ಫೋಟೊ ತೆಗೆಯುತ್ತಾಳೆ. ಸಣ್ಣ ಗೀರಿದ್ದರೂ ಮುಚ್ಚಿಡುವವಳಲ್ಲ. ಪೆಟ್ಟಿಗೆ ಕಟ್ಟಲು ಕೂತರೆ ಊಟ ಆರಿ ತಣ್ಣಗಾದರೂ ಏಳುವುದಿಲ್ಲ.'" ಅವಳ ದನಿ ನಿಧಾನವಾಯಿತು. "'ಅವಳು ಈ ಮನೆಗೆ ಬಂದ ಮೇಲೆಯೇ ಹಿಂದಿನ ಕೋಣೆಯ ಮುದಿ ಕೈಗಳಿಗೆ...'"

ಓದು ಅಲ್ಲಿಗೆ ನಿಂತಿತು. ಒಲೆಯ ಮೇಲೆ ಎಣ್ಣೆ ಹೊಗೆಯಾಡತೊಡಗಿತು. ಅವಳು ಎದ್ದು ಒಲೆ ಆರಿಸಿ ಬಂದು ಕೂತಳು. ಮಾವ ಈರುಳ್ಳಿ ಸಿಪ್ಪೆಗಳನ್ನು ಒಂದೊಂದಾಗಿ ಎಣಿಸುವವರಂತೆ ನೋಡುತ್ತಿದ್ದರು.

"ಮೂರೂ ನೀವೇನಾ?"

"ಎಂಟುನೂರಕ್ಕೆ ಹೋಗ್ತಿತ್ತಮ್ಮ," ಎಂದರು ಮಾವ. ಹೇಳುವುದು ಬಹಳ ಇತ್ತು, ಹೊರಬಂದದ್ದು ಅಷ್ಟೇ.

"ಇದಕ್ಕಿಂತ ಕಮ್ಮಿ ಬಂದರೆ ಮಾರಲ್ಲ ಅಂತ ಮೊದಲೇ ಬೆಲೆ ಹಾಕೋಕೆ ಅಲ್ಲೇ ಒಂದು ಜಾಗ ಇದೆ ಮಾವ! ನೀವು ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂಗಡಿ ಮುಚ್ಚಿಸ್ತಿದ್ರಲ್ಲ! ನಾನು ಬಟ್ಟೆ ಮಡಚೋಕೆ ಹೋಗ್ತಿದ್ದೆ!" ಅವಳು ರೇಗುತ್ತಲೇ ಮೂಗು ಒರೆಸಿಕೊಂಡಳು. ಈರುಳ್ಳಿಯ ಮೇಲೆ ತಪ್ಪು ಹೊರಿಸಬಹುದಿತ್ತು, ಅವಳು ಹೊರಿಸಲಿಲ್ಲ. ಮಾವನ ಕಣ್ಣೆದುರೇ ಗುಂಡಿ ಒತ್ತಿ ಚಿನ್ನದ ಸೂಜಿಯನ್ನು ಅಂಗಡಿಯಿಂದ ಹೊರಹಾಕಿದಳು. "ಇನ್ನು ಬೆಲೆ ಇಬ್ಬರೂ ಕೂತು ಹಾಕೋದು. ದುಡ್ಡು ಮಾತ್ರ ವಾಪಸ್ ಕೊಡಲ್ಲ."

"ಬೇಡಮ್ಮ."

ಮಾವ ಎದ್ದು ಜಾರಿಕೊಳ್ಳಲು ನೋಡಿದರು. ಸೊಸೆ ಫೋನನ್ನು ಅವರ ಕೈಗಿತ್ತಳು.

"ಹತ್ತು ವರ್ಷ ಆಯ್ತು ಈ ಮನೆಗೆ ಬಂದು. ಚೆನ್ನಾಗಿ ಮಾಡಿದೆ ಅಂತ ಒಂದು ದಿನ ಅಂದವರಲ್ಲ. ಊರಿಗೆಲ್ಲ ಹೇಳಿದ್ದನ್ನ ಈಗ ನನಗೆ ಹೇಳಿ. ಮುಖ ನೋಡಿಕೊಂಡು."

"ಕನ್ನಡಕ ಆ ಕೋಣೇಲಿದೆ ಕಣಮ್ಮ."

"ನೀವೇ ಬರೆದದ್ದಕ್ಕೆ ಕನ್ನಡಕ ಯಾಕೆ ಮಾವ?"

ಮಾವ ಫೋನನ್ನು ಮೇಜಿನ ಮೇಲಿಟ್ಟರು. ಎರಡು ಸಲ ಕೆಮ್ಮಿದರು. ಆಮೇಲೆ ಅವಳ ಮುಖ ನೋಡಿ, ಮೊದಲಿನಿಂದ ಹೇಳತೊಡಗಿದರು.