ಶಿವರಾಯ ಹೋದ ಮೇಲೆ ಆ ಬಾಡಿಗೆ ಮನೆ

ಮರಾಠಿ ಸೀಮೆಯ ಸಾತಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಭಾಲ್ಕಿಯ ಶಿವರಾಯ ತೀರಿಕೊಂಡು ತಿಂಗಳಾಗಿತ್ತು. ಹೆಂಡತಿ ಪ್ರೇಮಾಬಾಯಿ ಬಾಡಿಗೆ ಮನೆಯ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಹಿತ್ತಲ ಬಾಗಿಲಿನಿಂದ ಒಳಬಂದು ಮಗಳೊಂದಿಗೆ ಕೂರುತ್ತಿದ್ದಳು. ಕರಾರುಪತ್ರ ಇದ್ದದ್ದು ಗಂಡನ ಹೆಸರಿನಲ್ಲಿ. ಮಾಲಕ ಗಾಂಗುರ್ಡೆ ಕಾಕಾ ಬಂದು ಖಾಲಿ ಮಾಡಿ ಎಂದರೆ? ಶಿವರಾಯನ ಫೋನನ್ನೂ ಆರಿಸಿಟ್ಟಿದ್ದಳು.

ದೂರದ ಚಾಂದವಡ ಎಂಬ ಊರಿನಲ್ಲಿ ಈರುಳ್ಳಿ ಬೆಳೆಯುವ ಕಾಕಾಗೆ ಸಾವಿನ ಸುದ್ದಿಯೇ ಗೊತ್ತಿರಲಿಲ್ಲ. ಎರಡು ಸಲ ಬಂದರು, ಬೀಗ ನೋಡಿ ಹೋದರು. ಮೂರನೆಯ ಸಲ, ಇವರು ಮನೆ ಬಿಟ್ಟುಹೋಗಿದ್ದಾರೆಂದೇ ತಿಳಿದು, ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ತೂಗುಹಾಕಿದರು.

ಪಕ್ಕದ ಮನೆಯ ಭುವನೇಶ್ವರಿ ಹಲಗೆ ನೋಡಿ ಹಿತ್ತಲಿನಿಂದ ಓಡಿಬಂದಳು. ಪ್ರೇಮಾಬಾಯಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ಇದೇನ್ ಮಾಡ್ಲತೀರಿ ವೈನಿ?”

“ಭಾಲ್ಕಿಗಿ ಹೊಂಟೀವಿ ಭುವನಾ, ತಮ್ಮನ ಮನಿಗಿ. ಅವರೇ ಇಲ್ಲಂದ್ಮ್ಯಾಲ ಈ ಮನಿ ನಮ್ದೆಲ್ಲಿ ಅದಾ?”

“ರುಚಿತಾಂದು ಹನ್ನೆರಡನೇ ಕ್ಲಾಸಿನ ಪರೀಕ್ಷಾ?”

ಪ್ರೇಮಾಬಾಯಿ ಇನ್ನೊಂದು ಪಾತ್ರೆ ಚೀಲಕ್ಕೆ ಹಾಕಿದಳು. ಪುಸ್ತಕ ಹಿಡಿದು ಕೂತಿದ್ದ ಮಗಳು ರುಚಿತಾ ಮುಖ ತಿರುಗಿಸಿದಳು.

ಭುವನೇಶ್ವರಿ ಮಹಿಳಾ ಉಳಿತಾಯ ಗುಂಪಿನಲ್ಲಿ ವಕೀಲರೊಬ್ಬರ ಮಾತು ಕೇಳಿದ್ದಳು. ಅದನ್ನೇ ನೆನೆದು ಹೇಳಿದಳು: “ಯಜಮಾನ್ರು ಹೋದ್ರು ಅಂತ ಹೆಣ್ತಿ-ಮಕ್ಕಳನ್ನ ಅವತ್ತೇ ಬೀದಿಗಿ ಹಾಕ್ಲಾಕ ಬರಲ್ರಿ. ಕರಾರ್ ಹ್ಯಾಂಗದ ನೋಡ್ಬೇಕು, ಖರೇ. ಆದ್ರ ಅಡಗಿ ಕುಂತ್ರ ಮಾಲಕರಿಗಿ ಹ್ಯಾಂಗ ಗೊತ್ತಾಗ್ತದ?”

“ಬೈದ್ರ?”

“ಬೈಲಿ. ನಾ ಇಲ್ಲೇನು?”

ಅವತ್ತೇ ಇಬ್ಬರೂ ಸೇರಿ ಕಾಕಾಗೆ ಫೋನ್ ಮಾಡಿದರು. ಕಾಕಾ ಮರುದಿನ ಬಂದವರು ಮೆಟ್ಟಿಲ ಮೇಲೇ ಕೂತರು. “ಹದಿನೆಂಟು ವರ್ಷ ಇದ್ದ ಮನುಷ್ಯ! ನನಗೊಂದು ಮಾತು ಹೇಳಬಾರದಿತ್ತೇ?” ಎಂದು ಮರಾಠಿಯಲ್ಲಿ ಗದರಿಸುತ್ತಲೇ ಕಣ್ಣೊರೆಸಿಕೊಂಡರು. ಹಲಗೆಯನ್ನು ತಾವೇ ಕಿತ್ತರು. “ಹುಡುಗಿ ಓದಲಿ. ಎಲ್ಲಿಗೂ ಹೋಗಬೇಡಿ.”

ಕಾಕಾ ಹೋದ ಮೇಲೆ ಭುವನೇಶ್ವರಿ, “ಅವರು ಛಲೋ ಮನ್ಷಾ. ಆದ್ರೂ ಕಾಗದ ಬೇಕೇ ಬೇಕು ವೈನಿ” ಎಂದಳು.

ಮಹಾನಗರಪಾಲಿಕೆಯಿಂದ ಮರಣ ಪ್ರಮಾಣಪತ್ರ ತಂದರು. ಅದರ ಪ್ರತಿಯೊಂದಿಗೆ, ಹೊಸ ಕರಾರು ಮಾಡಿಕೊಡಿ ಎಂದು ಕಾಕಾಗೆ ಪತ್ರ ಕೊಟ್ಟರು. ಶಿವರಾಯ ಕೊಟ್ಟಿದ್ದ ಮುಂಗಡವನ್ನು ಹೊಸ ಕರಾರಿನಲ್ಲಿ ಬರೆಸಿದರು. ನೋಂದಣಿಯ ದಿನ ಗುಮಾಸ್ತ, “ಬಾಡಿಗೆದಾರರು ಯಾರು?” ಎಂದು ಕೇಳಿದ. ಪ್ರೇಮಾಬಾಯಿ ಮಗಳತ್ತ ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, “ನಾನೇ” ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಬಾಡಿಗೆ ಮನೆಯಲ್ಲಿ ಯಜಮಾನರು ತೀರಿಕೊಂಡರೆ ಅಡಗಬೇಡಿ, ಗಾಬರಿಯಿಂದ ಮನೆ ಬಿಡಬೇಡಿ. ಮಾಲಕರಿಗೆ ಬರೆದು ತಿಳಿಸಿ. ಬಾಡಿಗೆಗೆ ರಸೀದಿ ಪಡೆಯಿರಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ತಕರಾರು ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಇವತ್ತೇ ನಿಮ್ಮ ಕರಾರುಪತ್ರ ತೆಗೆದು ನೋಡಿ: ಅದರಲ್ಲಿ ಮನೆಯಾಕೆಯ ಹೆಸರಿದೆಯೇ?